ಬೆನ್ನಿನ ಮೇಲಿನ ಅಂಕಿ

ಈ ಊರಿನಲ್ಲಿ ಪುಸ್ತಕಗಳಿಗೆ ವಯಸ್ಸು ಕಟ್ಟುವವಳು ನಾನು.
ಮಂಗಳವಾರ, ಶುಕ್ರವಾರ, ಎರಡರಿಂದ ಆರು.
ಹಸಿರು ಚೀಟಿ ಹತ್ತಕ್ಕೆ, ಹಳದಿ ಹನ್ನೆರಡಕ್ಕೆ,
ಕೆಂಪಿದ್ದರೆ ಹದಿನಾಲ್ಕು ತುಂಬಿರಬೇಕು.
ಬೆನ್ನಿಗೆ ಅಂಟಿಸಿ, ಹೆಬ್ಬೆರಳಲ್ಲಿ ತೀಡಿ,
ಒಳಪುಟದಲ್ಲೊಂದು ಟಿಪ್ಪಣಿ:
‘ಮುತ್ತು ಎರಡು. ಬೈಗುಳ ಅಲ್ಲಲ್ಲಿ.
ನಾಯಿ ಸಾಯುವುದಿಲ್ಲ.’
ನಾಯಿಯ ವಿಷಯ ಮೊದಲೇ ಹೇಳಿಬಿಡಬೇಕು.
ಇಲ್ಲವಾದರೆ ಮೀನು ಕಾರ್ಖಾನೆಯ ಮಾರ್ಯುನ್
ಮಗನ ಕಣ್ಣೀರಿನ ಲೆಕ್ಕ ಕೇಳಲು
ಏಪ್ರನ್ ಸಮೇತ ಬಂದು ನಿಲ್ಲುತ್ತಾಳೆ.

ಫ್ಯಾರೋ ದ್ವೀಪಗಳಲ್ಲಿ ಜನಕ್ಕಿಂತ ಕುರಿ ಹೆಚ್ಚು,
ಕುರಿಗಿಂತ ಮಂಜು.
ನಮ್ಮ ನುಡಿಯಲ್ಲಿ ಹದಿಹರೆಯದವರಿಗೆಂದು ಬರುವ ಕಾದಂಬರಿ
ಒಂದು ಕೈಯ ಬೆರಳಿಗೆ ಮುಗಿಯುತ್ತದೆ.
ಮಿಕ್ಕದ್ದು ಡೇನಿಶ್. ಮಕ್ಕಳು ಅದನ್ನು
ನೆಂಟರ ಮನೆಯ ಚಪ್ಪಲಿ ಮೆಟ್ಟಿದಂತೆ ಓದುತ್ತಾರೆ,
ಚೂರು ದೊಡ್ಡದು, ಆದರೂ ನಡೆಯುತ್ತದೆ.

ಅವಳಿಗಳಲ್ಲಿ ಒಬ್ಬನೇ ಮಾತಾಡುವ ಕಥೆ: ಹಳದಿ.
ಲಾರಿಯಲ್ಲಿ ಅಡಗಿ ಗಡಿ ದಾಟುವ ಅಣ್ಣ ತಮ್ಮ: ಕೆಂಪು.
‘ಏಳನೆಯ ಅಧ್ಯಾಯ ಹಗಲಲ್ಲೇ ಓದಿ’ ಎಂದು ಬರೆದಿದ್ದೆ.
‘ಡಿಸೆಂಬರಿನಲ್ಲಿ ಹಗಲು ಐದೇ ಗಂಟೆ,
ಅಷ್ಟನ್ನೂ ಶಾಲೆ ನುಂಗುತ್ತೆ, ಎಲ್ಲಿಂದ ತರಲಿ?’
ಅಂದ ಬಾರ್ದುರ್. ಕೊಟ್ಟೆ. ಸುರಂಗದ ದೀಪಗಳಡಿ
ಬಸ್ಸಿನಲ್ಲೇ ಮುಗಿಸಿದನಂತೆ.

ಗಾಳಿಮನೆಯಲ್ಲಿ ಕುರಿಮಾಂಸ ತೂಗುಹಾಕುತ್ತೇವಲ್ಲ,
ತಾರೀಖು ನೋಡಿ ಇಳಿಸುವವರು ಯಾರೂ ಇಲ್ಲ.
ಒಂದು ವರ್ಷದ ಗಾಳಿಗೆ ಬೇಗ, ಇನ್ನೊಂದಕ್ಕೆ ತಡ;
ನನ್ನಜ್ಜಿ ಬೆರಳಿಟ್ಟು ನೋಡಿ ‘ಆಯಿತು’ ಅನ್ನುತ್ತಿದ್ದಳು.
ಹದಿಮೂರು, ಹದಿನಾಲ್ಕು, ಹದಿನೈದು
ಹದಿಯನ್ನು ಎಣಿಸಬಲ್ಲೆ,
ಹದ ನೋಡುವ ಬೆರಳು ನನಗಿಲ್ಲ.

ರಾನ್ವಾ ಬಂದದ್ದು ಫೆಬ್ರವರಿಯಲ್ಲಿ.
ಟೊಪ್ಪಿಗೆಯಿಂದ ನೀರು ಮೇಜಿನ ಮೇಲೆ ತೊಟ್ಟಿಕ್ಕುತ್ತಿತ್ತು.
ಕೈಯಲ್ಲಿ ಕೆಂಪು ಚೀಟಿಯದೊಂದು ತೆಳ್ಳನೆಯ ಪುಸ್ತಕ,
ನನ್ನದೇ ಅಕ್ಷರ: ‘ಕ್ಯಾನ್ಸರ್. ಆಸ್ಪತ್ರೆ.
ತಾಯಿ ಉಳಿಯುವುದಿಲ್ಲ.’
ಹನ್ನೊಂದೂವರೆ ಅಲ್ಲವೇನೇ ನಿನಗೆ, ಅಂದೆ,
ಇನ್ನೆರಡೂವರೆ ವರ್ಷ ಬಿಟ್ಟು ಬಾ,
ಇಲ್ಲೇ ಇರುತ್ತದೆ, ಓಡಿಹೋಗುವುದಿಲ್ಲ.

ಹಡಗಿನ ವೇಳಾಪಟ್ಟಿ ನೋಡುವವಳ ಹಾಗೆ
ಅವಳು ಗೋಡೆಯ ಕ್ಯಾಲೆಂಡರ್ ನೋಡಿದಳು.
‘ಅಮ್ಮನಿಗೆ ಈಸ್ಟರ್ ತನಕ ಅಂದಿದ್ದಾರೆ.’

ಚೀಟಿಯನ್ನು ಉಗುರಿನಿಂದ ಕೆರೆದೆ.
ನಾನು ತಂದ ಅಂಟು ಗಟ್ಟಿ, ಅರ್ಧ ಬಂತು, ಅರ್ಧ ಉಳಿಯಿತು.
ಕೆಲವು ಮನೆಗಳಿಗೆ ಹದಿನಾಲ್ಕು
ಬಾಗಿಲು ತಟ್ಟದೆ ಬಂದು ಕೂತಿರುತ್ತದೆ,
ಒದ್ದೆ ಬೂಟು ಕೂಡ ಕಳಚದೆ.

ಮೂರು ವಾರ ತಡವಾಗಿ ಪುಸ್ತಕ ಮರಳಿತು.
ದಂಡ ಕೇಳಲಿಲ್ಲ.
ಅವಳು ಹೋದ ಮೇಲೆ ತೆರೆದೆ:
ನನ್ನ ಟಿಪ್ಪಣಿಯ ಕೆಳಗೆ, ಪೆನ್ಸಿಲಿನಲ್ಲಿ, ಒತ್ತಿ ಬರೆದದ್ದು,
‘ಎಂಬತ್ತೆಂಟನೆಯ ಪುಟದಲ್ಲಿ ತಲೆ ತೊಳೆಯುವಾಗ
ಇಬ್ಬರೂ ಬಿದ್ದು ಬಿದ್ದು ನಗುತ್ತಾರೆ.
ಅದನ್ನು ನೀವು ಬರೆದೇ ಇಲ್ಲ.’
ಅದರ ಕೆಳಗೆ, ಇನ್ನೂ ಸಣ್ಣಗೆ:
‘ಅಪ್ಪಂದಿರಿಗೆ: ನಲವತ್ತು ದಾಟಿರಬೇಕು.
ಪಕ್ಕದಲ್ಲಿ ಯಾರಾದರೂ ಇದ್ದರೆ ಒಳ್ಳೆಯದು.’

ಪೆನ್ಸಿಲ್ ಗುರುತು ಅಳಿಸುವುದು ನಮ್ಮ ನಿಯಮ.
ರಬ್ಬರನ್ನು ಮತ್ತೆ ಡ್ರಾಯರಿಗೆ ಹಾಕಿದೆ.

ಮುಂದಿನ ಶುಕ್ರವಾರ, ಆರಕ್ಕೆ ಹತ್ತು ನಿಮಿಷವಿರುವಾಗ
ಡೀಸೆಲ್ ವಾಸನೆಯೊಂದು ಒಳಗೆ ಬಂತು, ಹಿಂದೆಯೇ ಒಬ್ಬ ಗಂಡಸು.
ಈ ಕಟ್ಟಡಕ್ಕೆ ಮತದಾನಕ್ಕಷ್ಟೇ ಬಂದವನು.
ತನ್ನ ಬೂಟಿಗೆ ಹೇಳುವ ಹಾಗೆ ಕೇಳಿದ:
‘ಅರ್ಧ ಕೆಂಪು ಚೀಟಿಯ ಪುಸ್ತಕ ಇದೆಯಂತೆ.
ಮಗಳು ಹೇಳಿದಳು. ನನಗೆ... ನಡೆಯುತ್ತದೆಯೆ?’

ಎಷ್ಟು ವಯಸ್ಸು ಅಂತ ಕೇಳಿದೆ. ಅಭ್ಯಾಸ, ನೋಡಿ.
ನಲವತ್ತೊಂದು ಅಂದ.

ಅವನ ಹೆಸರಿಗೆ ಬರೆದುಕೊಂಡೆ.
ಮರಳಿಸುವ ದಿನದ ಜಾಗ ಖಾಲಿ ಬಿಟ್ಟೆ.
ಈಸ್ಟರಿಗೆ ಇನ್ನು ಒಂಬತ್ತು ದಿನ.